ಪರ–ವಿರೋಧ: ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಕಡಲಲ್ಲಿ ಕಾಯ್ದದ್ದು ಸನ್ನದು ಹಡಗುಗಳೇ?

ಪರ: ಕಾಂಗ್ರೆಸ್ಸಿಗೆ ಬಿದ್ದ ಖರ್ಚು ಒಂದು ಕಾಗದ, ಒಂದು ಮೊಹರು

1775ರ ಕೊನೆಗೆ ಮ್ಯಾಸಚೂಸೆಟ್ಸಿನ ಸೇಲಂ, ಮಾರ್ಬಲ್‌ಹೆಡ್, ಗ್ಲಾಸ್ಟರ್ ಬಂದರುಗಳಲ್ಲಿ ಹಡಗುಗಳು ಕೆಲಸವಿಲ್ಲದೆ ನಿಂತಿದ್ದವು. ನ್ಯೂ ಇಂಗ್ಲೆಂಡಿನವರು ಕಾಡ್ ಮೀನು ಹಿಡಿಯಲು ಹೋಗಬಾರದೆಂದು ಬ್ರಿಟಿಷ್ ಪಾರ್ಲಿಮೆಂಟು ಆಗಲೇ ತಡೆ ಹಾಕಿತ್ತು. ಡಿಸೆಂಬರಿನ ಕಾಯಿದೆ ಇನ್ನೂ ಮುಂದೆ ಹೋಗಿ, ದಂಗೆಯೆದ್ದ ವಸಾಹತುಗಳ ವ್ಯಾಪಾರಿ ಹಡಗುಗಳನ್ನೆಲ್ಲ ಶತ್ರುವಿನ ಸೊತ್ತೆಂದು ಹಿಡಿಯಬಹುದೆಂದಿತು. ಹಡಗಿದೆ, ಖಲಾಸಿಗಳಿದ್ದಾರೆ, ಮನೆಯಲ್ಲಿ ಒಲೆ ಉರಿಯುತ್ತಿಲ್ಲ. ಮ್ಯಾಸಚೂಸೆಟ್ಸ್ ಅದೇ ವರ್ಷದ ನವೆಂಬರಿನಲ್ಲಿ, ದಂಗೆಯೆದ್ದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ 1776ರ ಮಾರ್ಚ್ 23ರಂದು, ಖಾಸಗಿಯವರು ಹಡಗು ಸಜ್ಜುಗೊಳಿಸಿ ಶತ್ರುವಿನ ಹಡಗು ಹಿಡಿಯಲು ಬರಹದ ಒಪ್ಪಿಗೆ, ಅಂದರೆ ಸನ್ನದು, ಕೊಟ್ಟವು. ಇಂಗ್ಲಿಷಿನವರು ಪ್ರೈವೇಟಿಯರ್ ಎನ್ನುವ ಈ ಹಡಗುಗಳನ್ನು ನಾನು ಸನ್ನದು ಹಡಗುಗಳೆಂದೇ ಕರೆಯುತ್ತೇನೆ. ಕಡಲ್ಗಳ್ಳನಿಗೂ ಇವರಿಗೂ ನಡುವೆ ಇದ್ದ ವ್ಯತ್ಯಾಸವೇ ಆ ಸನ್ನದು.

ಆ ಕಾಗದ ಬಿಟ್ಟಿಯಾಗಿ ಸಿಗುತ್ತಿರಲಿಲ್ಲ. 100 ಟನ್ನಿನವರೆಗಿನ ಹಡಗಿಗೆ 5,000 ಡಾಲರ್, ಅದಕ್ಕಿಂತ ದೊಡ್ಡದಕ್ಕೆ 10,000 ಡಾಲರಿನ ಮುಚ್ಚಳಿಕೆಯನ್ನು ಮಾಲೀಕರು ಬರೆದುಕೊಡಬೇಕಿತ್ತು. ನಿಯಮ ಮೀರಿದರೆ ಆ ಹಣ ಹೋಯಿತೆಂದೇ ಲೆಕ್ಕ. ಜೊತೆಗೆ ಅಚ್ಚು ಹಾಕಿದ ಸೂಚನೆಗಳು: ಸೆರೆಸಿಕ್ಕವರನ್ನು ಕೊಲ್ಲಬಾರದು, ಹಿಂಸಿಸಬಾರದು, ಹಿಡಿದ ಹಡಗನ್ನು ಬಂದರಿಗೆ ತಂದು ನ್ಯಾಯಾಲಯದ ಮುಂದಿಡಬೇಕು, ಅದರ ಕಾಗದಪತ್ರಗಳನ್ನೆಲ್ಲ ಒಪ್ಪಿಸಬೇಕು.

ಸ್ಕೂನರ್ ಎಂಬ ಸಣ್ಣ ಹಾಯಿಹಡಗೊಂದನ್ನು ವ್ಯಾಪಾರಕ್ಕೆ ಓಡಿಸಲು ಹತ್ತು ಹನ್ನೆರಡು ಜನ ಸಾಕು. ಅದೇ ಹಡಗು ಬೇಟೆಗೆ ಹೊರಟರೆ ಐವತ್ತು ಅರವತ್ತು ಜನ ಹತ್ತುತ್ತಿದ್ದರು. ತೋಪು ಹಾರಿಸಲು ಅಷ್ಟು ಜನ ಬೇಕಿರಲಿಲ್ಲ. ನಾಲ್ಕು ಪೌಂಡ್, ಆರು ಪೌಂಡ್ ಗುಂಡಿನ ಕೆಲವು ತೋಪು, ಅಂಚಿನ ಮೇಲೆ ತಿರುಗುವ ಚಿಕ್ಕ ತೋಪುಗಳು, ಈಟಿ, ಕಿರುಗತ್ತಿ: ಇವು ಬಹುಪಾಲು ಹೆದರಿಸಲಿಕ್ಕೆ. ಜನ ಬೇಕಾಗಿದ್ದದ್ದು ಹಿಡಿದ ಪ್ರತಿ ಹಡಗನ್ನೂ ಊರಿಗೆ ಒಯ್ಯಲು. ಒಂದೊಂದಕ್ಕೂ ಒಬ್ಬ ನಂಬಿಗಸ್ಥ ಮುಖ್ಯಸ್ಥ, ಅವನ ಕೈಕೆಳಗೆ ಏಳೆಂಟು ಜನ. ಐದಾರು ಹಡಗು ಹಿಡಿಯುವಷ್ಟರಲ್ಲಿ ಬೇಟೆಗಾರ ಹಡಗಿನಲ್ಲೇ ಹಾಯಿ ಎಳೆಯುವವರು ಕಡಿಮೆ, ತಳದ ಕೋಣೆಯಲ್ಲಿ ಸೆರೆಯಾಳುಗಳು ಹೆಚ್ಚು. ಜಾಣ ನಾಯಕ ಆಗ ಊರ ಕಡೆ ತಿರುಗುತ್ತಿದ್ದ. ಆಸೆಬುರುಕ ಇನ್ನೊಂದು ಹಾಯಿಯ ಬೆನ್ನು ಹತ್ತಿ ತಾನೇ ಸಿಕ್ಕಿಬೀಳುತ್ತಿದ್ದ.

ಹಿಡಿದ ಹಡಗಿಗೆ ಮೊದಲು ಕಾಲಿಟ್ಟವನ ಕೆಲಸ ನಾಯಕನ ಕೋಣೆಗೆ ಓಡಿ, ಕಾಗದಗಳು ನೀರಿಗೆ ಬೀಳುವ ಮೊದಲು ಕೈವಶ ಮಾಡಿಕೊಳ್ಳುವುದು. ಕಾಗದವಿಲ್ಲದೆ ಮಾಲು ಬ್ರಿಟಿಷರದೋ ತಟಸ್ಥ ದೇಶದವರದೋ ಎಂದು ತೋರಿಸುವುದು ಕಷ್ಟ. ಆಮೇಲೆ ಮಾಲುಕೋಣೆಯ ಬಾಗಿಲಿಗೆ ಮೊಹರು. ತೀರ್ಪು ಬರುವ ಮೊದಲು ಅದನ್ನು ಒಡೆದು ಮಾಲು ತೆಗೆದವನಿಗೆ ಪಾಲು ತಪ್ಪುವ ಭಯ. ಬಂದರಿನಲ್ಲಿ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ವಿಚಾರಣೆ, ತೀರ್ಪು, ಹರಾಜು, ನ್ಯಾಯಾಲಯದ ಖರ್ಚು ಕಳೆದು ಹಂಚಿಕೆ. ರೂಢಿಯಂತೆ ಅರ್ಧ ಮಾಲೀಕರಿಗೆ, ಅರ್ಧ ನಾವಿಕರಿಗೆ. ನಾವಿಕರ ಅರ್ಧದಲ್ಲಿ ನಾಯಕನಿಗೆ ಹಲವು ಪಾಲು, ಹುಡುಗರಿಗೆ ಅರ್ಧ ಪಾಲು. ಈ ಒಪ್ಪಂದವೆಲ್ಲ ಹಡಗು ಲಂಗರು ಎತ್ತುವ ಮೊದಲೇ ಬರಹದಲ್ಲಿ ಇರುತ್ತಿತ್ತು. ಇದನ್ನು ಸುಲಿಗೆ ಎನ್ನುವವರು ಈ ಕಾಗದಗಳನ್ನು ಒಮ್ಮೆ ಓದಬೇಕು.

ಫಲ ಏನು? 1778ರ ಫೆಬ್ರವರಿಯಲ್ಲಿ ಲಂಡನ್ನಿನ ವರ್ತಕರೇ ಹೌಸ್ ಆಫ್ ಲಾರ್ಡ್ಸಿನ ಮುಂದೆ ನಿಂತು ಹೇಳಿದ ಲೆಕ್ಕ ಇದು: ಅಮೆರಿಕನ್ನರ ಕೈಗೆ ಸಿಕ್ಕ ಹಡಗುಗಳು 733. ಅದರಲ್ಲಿ 47 ಬಿಡುಗಡೆಯಾದವು, 127 ಮರಳಿ ಸಿಕ್ಕವು, ಉಳಿದ 559 ಹೋದವು. ನಷ್ಟ ಹದಿನೆಂಟು ಲಕ್ಷ ಪೌಂಡ್ ಮೀರಿತ್ತು. ಯುದ್ಧಕ್ಕೆ ಮುಂಚೆ ನೂರಕ್ಕೆ ಎರಡರ ಆಸುಪಾಸಿನಲ್ಲಿದ್ದ ವಿಮೆ ಬೆಂಗಾವಲು ಇದ್ದರೂ ಅದರ ಎರಡು ಪಟ್ಟು ದಾಟಿತು, ಬೆಂಗಾವಲಿಲ್ಲದಿದ್ದರೆ ನೂರಕ್ಕೆ 15. ಸಕ್ಕರೆ, ರಮ್ ತುಂಬಿಕೊಂಡು ವೆಸ್ಟ್ ಇಂಡೀಸಿನಿಂದ ಬರುವ ಹಡಗಿಗೂ ಕಾವಲು ಬೇಕಾಯಿತು. ಆ ಕಾವಲಿಗೆ ಹೋದ ಪ್ರತಿ ಫ್ರಿಗೇಟೂ (ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ) ಅಮೆರಿಕದ ಕರಾವಳಿಯನ್ನು ಮುತ್ತಿ ನಿಲ್ಲಲಾಗದ ಫ್ರಿಗೇಟು. ಲಂಡನ್ನಿನ ವರ್ತಕನ ಜೇಬಿಗೆ ಕೈ ಹಾಕಿದರೆ ಪಾರ್ಲಿಮೆಂಟು ಕೇಳಿಸಿಕೊಳ್ಳುತ್ತದೆ ಎಂಬುದು ಬಾಸ್ಟನ್ನಿನವರಿಗೆ ಬ್ರಿಟಿಷ್ ತೆರಿಗೆ ವಿರೋಧಿಸಿ ಕಡಲಿಗೆ ಚಹಾ ಸುರಿದ ದಿನದಿಂದಲೂ ಗೊತ್ತಿತ್ತು.

ಇದರ ಪಕ್ಕಕ್ಕೆ ನೌಕಾಪಡೆಯನ್ನು ಇಟ್ಟು ನೋಡಿ. 1775ರ ಡಿಸೆಂಬರ್ 13ರಂದು ಕಾಂಗ್ರೆಸ್ 13 ಫ್ರಿಗೇಟುಗಳನ್ನು ಕಟ್ಟಿಸಲು ತೀರ್ಮಾನಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಒಂದೂ ಅಮೆರಿಕದ ಬಾವುಟದಡಿ ಉಳಿದಿರಲಿಲ್ಲ. ಕೆಲವನ್ನು ಬ್ರಿಟಿಷರು ಹಿಡಿದರು. ಕೆಲವನ್ನು ಕಡಲು ಕಾಣುವ ಮೊದಲೇ ನದಿಯಲ್ಲಿ ಅಮೆರಿಕನ್ನರೇ ಸುಟ್ಟರು, ಮುಳುಗಿಸಿದರು. ರಾಂಡಾಲ್ಫ್ 1778ರ ಮಾರ್ಚಿನಲ್ಲಿ 64 ತೋಪಿನ ಯಾರ್ಮತ್ ಎದುರು ಸಿಡಿದು ಚೂರಾಯಿತು, ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಬದುಕಿದವರು ನಾಲ್ವರು. ಕಾಂಗ್ರೆಸ್ ಕೊಟ್ಟ ಸನ್ನದುಗಳಾದರೋ ಸುಮಾರು 1,700. ಮಾಲೀಕನೋ ನಾಯಕನೋ ಬದಲಾದರೆ ಅದೇ ಹಡಗಿಗೆ ಹೊಸ ಸನ್ನದು ಬೇಕಾಗುತ್ತಿತ್ತು, ಹಾಗಾಗಿ ಅಷ್ಟೂ ಬೇರೆ ಬೇರೆ ಹಡಗುಗಳಲ್ಲ. ಹಾಗೆಂದು ಅರ್ಧಕ್ಕೆ ಇಳಿಸಿದರೂ ಹೋಲಿಕೆ ಎಲ್ಲಿದೆ?

ಸನ್ನದು ಹಡಗುಗಳು ನೌಕಾಪಡೆಯ ಖಲಾಸಿಗಳನ್ನು ಕದ್ದವು ಎಂಬ ಹಳೆಯ ದೂರಿದೆ. ಈ ಮಾತಾಡುವವರ ಮನಸ್ಸಿನಲ್ಲಿ ಪ್ರತಿ ಮೀನುಗಾರನನ್ನೂ ಹಗ್ಗ ಕಟ್ಟಿ ಫ್ರಿಗೇಟಿಗೆ ಎಳೆದು ಹಾಕಬೇಕಿತ್ತು ಎಂದಿದೆ. ಅದನ್ನೇ ಮಾಡುತ್ತಿದ್ದ ಬ್ರಿಟಿಷ್ ನೌಕಾಪಡೆಯ ವಿರುದ್ಧ ತಾನೆ ಈ ಜನ ಎದ್ದದ್ದು! ಮೇಲಾಗಿ, ಹಡಗಿನ ಮೂರರಲ್ಲೊಂದು ಪಾಲು ಜನ ಕಡಲ ಕಸುಬಿನವರಲ್ಲದ ನೆಲದವರೇ ಇರಬೇಕೆಂದು ಕಾಂಗ್ರೆಸ್ಸಿನ ಸೂಚನೆಯಲ್ಲೇ ಇತ್ತು. ರೈತನ ಮಗ ಹತ್ತಿ ಖಲಾಸಿಯಾಗಿ ಇಳಿದ. ಇದು ಕಳವಲ್ಲ, ಕಲಿಕೆ.

ಕನ್ನಡಿಗರಿಗೆ ಹೇಳಲೇಬೇಕಾದ ಒಂದು ಹಡಗಿದೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಕಾಟ ತಾಳದೆ ಫಿಲಡೆಲ್ಫಿಯಾದ ವರ್ತಕರು ಒಂದು ವ್ಯಾಪಾರಿ ಹಡಗಿಗೆ ಆರು ಪೌಂಡಿನ 16 ತೋಪು ಹೂಡಿಸಿದರು. ಅದರ ಹೆಸರು ಹೈದರ್ ಆಲಿ. ನಮ್ಮ ಶ್ರೀರಂಗಪಟ್ಟಣದ ಹೈದರನೇ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಸೇನೆಯನ್ನು ನುಚ್ಚುನೂರು ಮಾಡಿದವನ ಹೆಸರು ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ಧೈರ್ಯದ ಹೆಸರಾಗಿತ್ತು. ಏಪ್ರಿಲ್ 8ರಂದು ಕೇಪ್ ಮೇ ಬಳಿ ಎದುರಾದದ್ದು ಇದಕ್ಕಿಂತ ಭಾರದ, ಒಂಬತ್ತು ಪೌಂಡಿನ ತೋಪುಗಳ ಜನರಲ್ ಮಂಕ್. ಹೈದರ್ ಆಲಿಯ ನಾಯಕ ಜೋಶುವಾ ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಹೇಳಿಟ್ಟಿದ್ದ: ನಾನು ಕೂಗಿದ್ದಕ್ಕೆ ವಿರುದ್ಧವಾಗಿ ತಿರುಗಿಸು. ಅವನ ಕೂಗನ್ನು ನಂಬಿ ಮಂಕ್ ಕೂಡ ತಿರುಗಿತು, ಅದರ ಮೂತಿಯ ಮರ ಹೈದರ್ ಆಲಿಯ ಹಗ್ಗಗಳಿಗೆ ಸಿಕ್ಕಿಕೊಂಡಿತು. ಹಾಗೆ ಸಿಕ್ಕಿಕೊಂಡ ಹಡಗಿನ ಪಕ್ಕದ ತೋಪುಗಳು ಗುರಿಗೆ ಬರುವುದಿಲ್ಲ. ಎದುರಿನ ಗುಂಡು ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಹಾಯುತ್ತದೆ. ಅರ್ಧ ಗಂಟೆಯೊಳಗೆ ಮಂಕ್ ಬಾವುಟ ಇಳಿಸಿತು. ಅದರಲ್ಲಿ 20 ಜನ ಸತ್ತಿದ್ದರು, ಹೈದರ್ ಆಲಿಯಲ್ಲಿ ನಾಲ್ವರು. ಆ ಮಂಕ್ ಕೂಡ ಮೊದಲು ರೋಡ್ ಐಲೆಂಡಿನ ಸನ್ನದು ಹಡಗು ಜನರಲ್ ವಾಷಿಂಗ್ಟನ್. 1780ರಲ್ಲಿ ಬ್ರಿಟಿಷರು ಹಿಡಿದು ಹೆಸರು ಬದಲಿಸಿದ್ದರು. ಕಳೆದುಹೋದ ಹಡಗು ಮನೆಗೆ ಮರಳಿತು, ಹಳೆಯ ಹೆಸರನ್ನೂ ಪಡೆಯಿತು. ಮರುವರ್ಷ ಮಾರ್ಚಿನಲ್ಲಿ ಶಾಂತಿ ಒಪ್ಪಂದದ ಸುದ್ದಿಯನ್ನು ಫಿಲಡೆಲ್ಫಿಯಾಕ್ಕೆ ತಂದದ್ದು ಅದೇ ಹಡಗು.

ವಿರೋಧ: ಟ್ರಂಬುಲ್ ಫ್ರಿಗೇಟಿನ ಖಾಲಿ ತೋಪುಗಳು

ವಿರೋಧದ ಬದಿ ನನ್ನ ಪಾಲಿಗೆ ಬಂದಿದೆ. 733ರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ, ಯುದ್ಧದ ಮೊದಲ ಎರಡು ವರ್ಷ ಕಾಂಗ್ರೆಸ್ಸಿಗೆ ಬೇರೆ ದಾರಿ ಇರಲಿಲ್ಲವೆಂಬುದನ್ನೂ ಒಪ್ಪುತ್ತೇನೆ. ನನ್ನ ತಕರಾರು ಆಮೇಲಿನದು. ವ್ಯಾಪಾರಿಗೆ ನಷ್ಟ ಮಾಡುವುದು ಬೇರೆ, ಕಡಲನ್ನು ಹಿಡಿದಿಟ್ಟುಕೊಳ್ಳುವುದು ಬೇರೆ. 1781ರ ಸೆಪ್ಟೆಂಬರ್ 5ರಂದು ಚೆಸಾಪೀಕ್ ಕೊಲ್ಲಿಯ ಬಾಯಲ್ಲಿ ಬ್ರಿಟಿಷರ 19 ದೊಡ್ಡ ಯುದ್ಧನೌಕೆಗಳನ್ನು ತಡೆದದ್ದು ಫ್ರಾನ್ಸಿನ ನೌಕಾಧಿಪತಿ ಡಿ ಗ್ರಾಸ್ ತಂದ 24 ನೌಕೆಗಳು. ಆ ಬಾಗಿಲು ಮುಚ್ಚಿದ್ದರಿಂದಲೇ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಆರು ಪೌಂಡಿನ ತೋಪಿನ ಸಾವಿರ ಸ್ಕೂನರುಗಳಿದ್ದರೂ ಆ ಸಾಲಿನಲ್ಲಿ ಒಂದು ಗಂಟೆ ನಿಲ್ಲುತ್ತಿರಲಿಲ್ಲ.

ಕಾಂಗ್ರೆಸ್ಸಿನ ನೌಕಾಪಡೆಯಲ್ಲಿ ನುರಿತ ಖಲಾಸಿಗೆ ತಿಂಗಳಿಗೆ 8 ಡಾಲರ್ ಸಂಬಳ, ಅದೂ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿದ್ದ ಕಾಗದದ ಹಣ. ಹಿಡಿದ ವ್ಯಾಪಾರಿ ಹಡಗಿನಲ್ಲಿ ಮೊದಲು ನಾವಿಕರಿಗೆ ಮೂರರಲ್ಲೊಂದು ಪಾಲಿತ್ತು. 1776ರ ಅಕ್ಟೋಬರಿನಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಆದರೂ ಜನ ಬರಲಿಲ್ಲ. ಸನ್ನದು ಹಡಗಿನಲ್ಲಿ ಶಿಸ್ತು ಸಡಿಲ, ಯಾನ ಚಿಕ್ಕದು, ಯುದ್ಧನೌಕೆ ಕಂಡರೆ ಓಡಬಹುದು. ಮನೆಯಲ್ಲಿ ಹೆಂಡತಿ ಮಕ್ಕಳಿರುವವನು ಯಾವುದಕ್ಕೆ ಹೆಸರು ಬರೆಸುತ್ತಾನೆ? ಖಲಾಸಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಎರಡನ್ನೂ ಒಂದೇ ಬಂದರಿನಲ್ಲಿ ಪೈಪೋಟಿಗೆ ಬಿಟ್ಟದ್ದು ತಪ್ಪು.

ಆ 13 ಫ್ರಿಗೇಟುಗಳಲ್ಲಿ ಒಂದಾದ ಟ್ರಂಬುಲ್ ಕತೆ ಕೇಳಿ. 28 ತೋಪಿನ ಈ ಹಡಗನ್ನು ಕನೆಕ್ಟಿಕಟ್ ನದಿಯಲ್ಲಿ ಕಟ್ಟಿ 1776ರಲ್ಲಿ ನೀರಿಗಿಳಿಸಿದರು. ಅದು ನೀರಿನಲ್ಲಿ ಮುಳುಗುವ ಆಳಕ್ಕೆ ನದಿಯ ಬಾಯಲ್ಲಿದ್ದ ಮರಳದಿಬ್ಬ ಅಡ್ಡವಾಯಿತು. ಹಡಗು ಒಳಗೇ ಮೂರು ವರ್ಷ ಉಳಿಯಿತು. 1779ರಲ್ಲಿ ಎರಡೂ ಪಕ್ಕಕ್ಕೆ ನೀರು ತುಂಬಿದ ಪೀಪಾಯಿಗಳನ್ನು ಸಾಲಾಗಿ ಇಟ್ಟು, ಅವುಗಳ ಹಗ್ಗವನ್ನು ಹಡಗಿನ ಅಡಿಯಿಂದ ಹಾಯಿಸಿ ಬಿಗಿದು, ಆಮೇಲೆ ಪೀಪಾಯಿಯ ನೀರನ್ನು ಪಂಪಿನಿಂದ ಹೊರಹಾಕಿದರು. ಖಾಲಿಯಾದ ಪೀಪಾಯಿಗಳು ಮೇಲೇಳುವಾಗ ಹಡಗನ್ನೂ ಎತ್ತಿದವು. ದಿಬ್ಬ ದಾಟಿತು. ಇಷ್ಟು ಜಾಣತನ ಇದ್ದ ಊರಿನಲ್ಲಿ ಅದಕ್ಕೆ ನುರಿತ ಖಲಾಸಿಗಳು ಸಿಗಲಿಲ್ಲ.

1780ರ ಜೂನ್ 1ರಂದು ಲಿವರ್‌ಪೂಲಿನ ವಾಟ್ ಎಂಬ ಬ್ರಿಟಿಷ್ ಸನ್ನದು ಹಡಗಿನೊಂದಿಗೆ ಅದು ಎರಡೂವರೆ ಗಂಟೆ ಕಾದಿತು. ಟ್ರಂಬುಲ್‌ನಲ್ಲಿದ್ದವರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗರು, ಹಲವರಿಗೆ ಕಡಲ ವಾಂತಿಯೂ ನಿಂತಿರಲಿಲ್ಲ. ನೆಲದವರು ಕಡಲಲ್ಲಿ ಕಲಿಯುತ್ತಾರೆ ಎಂಬ ಮಾತು ಸರಿ. ಆದರೆ ನೌಕಾಪಡೆಗೆ ಸಿಕ್ಕವರು ಕಲಿಯಬೇಕಾದವರು, ಕಲಿತವರು ಹೋದದ್ದು ಪಾಲಿನ ಹಡಗಿಗೆ. ಆ ಹುಡುಗರು ಎದೆಗೊಟ್ಟು ಕಾದರು. ಎರಡೂ ಹಡಗು ಜರ್ಜರಿತವಾಗಿ ಬೇರೆಯಾದವು.

1781ರ ಆಗಸ್ಟ್. ಟ್ರಂಬುಲ್ 28 ವ್ಯಾಪಾರಿ ಹಡಗುಗಳಿಗೆ ಕಾವಲಾಗಿ ಡೆಲವೇರಿನಿಂದ ಹೊರಟಿತು, ಜೊತೆಗೆ 24 ತೋಪಿನದೊಂದು, 14 ತೋಪಿನದೊಂದು ಸನ್ನದು ಹಡಗು. ಜನ ಸಾಲದೆ ಬ್ರಿಟಿಷರ ಕಡೆಯಿಂದ ಓಡಿಬಂದವರನ್ನೂ ಹತ್ತಿಸಿಕೊಂಡಿದ್ದರು. ಶತ್ರುವಿನ ಹಾಯಿಗಳು ಬೆನ್ನು ಹತ್ತಿದವು, ಸಂಜೆಗೆ ಬಿರುಗಾಳಿ ಮಳೆ ಬಂದು ಮುಂದಿನ ಪಟಮರದ ಮೇಲ್ತುಂಡು ಮುರಿಯಿತು, ಗುಂಪಿನಿಂದ ಅದು ಬೇರೆಯಾಯಿತು. ನಾಯಕ ಜೇಮ್ಸ್ ನಿಕಲ್ಸನ್ ತೋಪುಗಳ ಬಳಿ ನಿಲ್ಲಿ ಎಂದಾಗ ಬಹುಪಾಲು ಜನ ದೀಪ ಆರಿಸಿ ಕೆಳಗಿಳಿದುಬಿಟ್ಟರು. ಉಳಿದ ಕೆಲವರನ್ನು ಕಟ್ಟಿಕೊಂಡು ಅವನು ಒಂದೂವರೆ ಗಂಟೆ ಕಾದ. ಸನ್ನದು ಹಡಗುಗಳು ಆ ಕಾದಾಟದಲ್ಲಿ ಇರಲಿಲ್ಲ. ಅವನನ್ನು ಹಿಡಿದವರು ಯಾರು? ಐರಿಸ್ ಮತ್ತು ಜನರಲ್ ಮಂಕ್. ಐರಿಸ್ ಎಂದರೆ ಬ್ರಿಟಿಷರು 1777ರಲ್ಲಿ ಹಿಡಿದಿದ್ದ ಫ್ರಿಗೇಟು ಹ್ಯಾನ್‌ಕಾಕ್. ಮಂಕ್ ಎಂದರೆ, ಪರ ಬರೆದವರು ಪ್ರೀತಿಯಿಂದ ಹೇಳಿದ ಆ ಜನರಲ್ ವಾಷಿಂಗ್ಟನ್. ಸಿಕ್ಕಿಬಿದ್ದ ಸನ್ನದು ಹಡಗು ಬರಿಯ ನಷ್ಟದ ಪಟ್ಟಿಗೆ ಸೇರುವುದಿಲ್ಲ, ವೇಗವಾಗಿ ಓಡಲೆಂದೇ ಕಟ್ಟಿದ್ದರಿಂದ ಶತ್ರುವಿಗೆ ಒಳ್ಳೆಯ ಬೇಟೆಗಾರನಾಗುತ್ತದೆ. ಹದಿಮೂರರಲ್ಲಿ ಕೊನೆಗೆ ಉಳಿದಿದ್ದ ಫ್ರಿಗೇಟು ಹೀಗೆ ಹೋಯಿತು.

ಸೆರೆಯಾಳುಗಳ ವಿಷಯದಲ್ಲೂ ಇದೇ. ನ್ಯೂಯಾರ್ಕಿನ ವಾಲಬೌಟ್ ಕೊಲ್ಲಿಯ ಜರ್ಸಿಯಂಥ ಸೆರೆ ಹಡಗುಗಳಲ್ಲಿ ಸಾವಿರಾರು ಅಮೆರಿಕನ್ ನಾವಿಕರು ಜ್ವರ, ಭೇದಿಯಿಂದ ಸತ್ತರು, ಅವರಲ್ಲಿ ಸನ್ನದು ಹಡಗಿನವರೇ ಬಹಳ. ಅವರನ್ನು ಬಿಡಿಸಲು ಬದಲಿಗೆ ಕೊಡಬೇಕಾದ ಬ್ರಿಟಿಷ್ ಸೆರೆಯಾಳುಗಳನ್ನು ಮಾಲೀಕರು ಊಟದ ಖರ್ಚು ಉಳಿಸಲು ಕಡಲಲ್ಲೇ ಬಿಡುಗಡೆ ಮಾಡಿಸುತ್ತಿದ್ದರು. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅಲ್ಲಿನ ಡಂಕರ್ಕ್ ಬಂದರಿನಿಂದ ಹೊರಡಿಸಿದ, ಬ್ಲ್ಯಾಕ್ ಪ್ರಿನ್ಸ್ ಸೇರಿ ಒಟ್ಟು ಮೂರು ಹಡಗುಗಳ ಉದ್ದೇಶವೇ ಸೆರೆಯಾಳುಗಳನ್ನು ತರುವುದಾಗಿತ್ತು. ಅವು 114 ಹಡಗು ಹಿಡಿದವು, ಬದಲಿಗೆ ಕೊಡಲು ಒದಗಿದ ಸೆರೆಯಾಳುಗಳು ಮಾತ್ರ ಕಡಿಮೆ.

ಇನ್ನು ಹೈದರ್ ಆಲಿ. ಅದು ಗೆದ್ದದ್ದು ನನಗೂ ಹೆಮ್ಮೆಯೇ. ಆದರೆ ಕೇಪ್ ಮೇ ಬಳಿ ಕಾದ ದಿನ ಅದು ಪಾಲಿಗಾಗಿ ಬೇಟೆಗೆ ಹೊರಟಿರಲಿಲ್ಲ. ಪೆನ್ಸಿಲ್ವೇನಿಯಾ ಸರ್ಕಾರದ ಸೇವೆಯಲ್ಲಿ ವ್ಯಾಪಾರಿ ಹಡಗುಗಳನ್ನು ಕೊಲ್ಲಿಯಿಂದ ದಾಟಿಸಲು ಹೊರಟಿತ್ತು. ಅದರ ನಾಯಕ ಬಾರ್ನಿ ಕಾಂಟಿನೆಂಟಲ್ ನೌಕಾಪಡೆಯ ಲೆಫ್ಟಿನೆಂಟ್, ಇಂಗ್ಲೆಂಡಿನ ಮಿಲ್ ಸೆರೆಮನೆಯಿಂದ ಹಿಂದಿನ ವರ್ಷವಷ್ಟೇ ತಪ್ಪಿಸಿಕೊಂಡು ಬಂದಿದ್ದವನು.