ಲಾಂಚ್ ತಪ್ಪಿತು ಅನ್ನುವ ಭಾಗ್ಯ

ಹೋದ ತಿಂಗಳು ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ, "ಗೃಹಪ್ರವೇಶಕ್ಕೆ ಯಾಕೆ ಬರಲಿಲ್ಲ?" ಅಂತ ಕೇಳಿದರು. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಒಂದೇ ಉತ್ತರ. ಅಜ್ಜ ಅದನ್ನೇ ಹೇಳಿದ್ದು, ಅಪ್ಪಯ್ಯ ಅದನ್ನೇ ಹೇಳಿದ್ದು. ನನ್ನ ನಾಲಿಗೆಯೂ ನನ್ನನ್ನು ಕೇಳದೆ, "ಅಯ್ಯೋ, ಲಾಂಚ್..." ಅಂತ ಶುರು ಮಾಡಿಬಿಟ್ಟಿತು.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಗು. "ಸೇತುವೆ ಆಗಿ ಎಷ್ಟು ದಿನ ಆಯ್ತು ಮಾರಾಯ?"

"ಹಲೋ... ಹಲೋ... ಕೇಳ್ತಾ ಇಲ್ಲ" ಅಂತ ಎರಡು ಸಲ ಕೂಗಿ ಇಟ್ಟುಬಿಟ್ಟೆ. ನೆಟ್‌ವರ್ಕ್ ಇಲ್ಲ ಅನ್ನುವುದೊಂದು ಇನ್ನೂ ನಮ್ಮ ಕೈಯಲ್ಲಿದೆ. ಅದೂ ಹೋದ ದಿನ ಊರಿಗೆ ಊರೇ ಸತ್ಯ ಹೇಳಬೇಕಾಗುತ್ತದೆ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ತುಮರಿ ಕಡೆ. ಶರಾವತಿ ಹಿನ್ನೀರಿನ ಆಚೆ ದಡ; ಸೇತುವೆ ಆಗುವ ತನಕ ಸಾಗರಕ್ಕೆ ಹತ್ತಿರದ ದಾರಿ ಅಂದರೆ ನೀರು ದಾಟಿಸುವ ಲಾಂಚು. ತುಮರಿ ಅಂದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. "ತುಮಕೂರಾ?" ಅನ್ನುತ್ತಾರೆ. ಸಿಗಂದೂರು ಅಂದರೆ ಮಾತ್ರ "ಓ, ಚೌಡೇಶ್ವರಿ!" ಅಂತ ಕೂತಲ್ಲಿಂದಲೇ ಕೈ ಮುಗಿಯುತ್ತಾರೆ. ಭಕ್ತರು ದೇವಸ್ಥಾನದ ತನಕ ಬಂದು, ಹರಕೆ ತೀರಿಸಿ, ಹಿನ್ನೀರಿನ ಎದುರು ನಿಂತು ಫೋಟೋ ಹೊಡೆದುಕೊಂಡು ವಾಪಸ್ ಹೋಗುತ್ತಾರೆ. ಅಲ್ಲಿಂದ ಮುಂದೆ ನಮ್ಮ ಅಂಗಳದ ತನಕ ಬರುವವರು ಎರಡೇ ಜಾತಿ: ದಾರಿ ತಪ್ಪಿದವರು, ಇಲ್ಲವೇ ನೆಂಟರು. ಆಸರಿಗೆ, ಅಂದರೆ ಕುಡಿಯಲು ಏನಾದರೂ, ಇಬ್ಬರಿಗೂ ಕೊಡುತ್ತೇವೆ. ದಾರಿ ತಪ್ಪಿದವರು ಬೇಗ ಹೊರಡುತ್ತಾರೆ.

ನಮ್ಮದನ್ನು ದ್ವೀಪ ಅನ್ನುವುದು ಬಾಯಿಮಾತು. ಕೋಗಾರು, ಕಾರ್ಗಲ್ ಮೇಲೆ ಕಾಡು ಸುತ್ತಿ ಸಾಗರ ಮುಟ್ಟುವ ದಾರಿ ಇದ್ದೇ ಇದೆ. ಆದರೆ ಆ ದಾರಿಯಲ್ಲಿ ಹೋದವನು ಯಾವ ಕೆಲಸಕ್ಕೆ ಹೊರಟಿದ್ದೆ ಅನ್ನುವುದನ್ನೇ ಮರೆತಿರುತ್ತಾನೆ. ಅಜ್ಜ ಏನೂ ದ್ವೀಪದಲ್ಲಿ ಹುಟ್ಟಿದವನಲ್ಲ. ಅವನು ಗದ್ದೆ ಬಯಲಿನ ಊರಲ್ಲಿ ಹುಟ್ಟಿದ. ದ್ವೀಪವೇ ಆಮೇಲೆ ಬಂದು ಅವನನ್ನು ಸುತ್ತಿಕೊಂಡಿತು.

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವಷ್ಟರಲ್ಲಿ ಹರಿಯುವುದು 128 ಕಿಲೋಮೀಟರ್ ಅಷ್ಟೇ. ಪುಟ್ಟ ಹೊಳೆ. ಆದರೆ ಅದಕ್ಕೆ ಹಚ್ಚಿದ ಕೆಲಸ ಮಾತ್ರ ಮನೆಯ ಹಿರಿ ಸೊಸೆಗೂ ಯಾರೂ ಹಚ್ಚಿರಲಿಕ್ಕಿಲ್ಲ. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, 1948ರಲ್ಲಿ. ಒಂದಷ್ಟು ಊರು ಮುಳುಗಿದವು. ಹದಿನಾರು ವರ್ಷ ಬಿಟ್ಟು, 1964ರಲ್ಲಿ, ಕೆಳಗೆ ಲಿಂಗನಮಕ್ಕಿ ಬಂತು. ಆಗ ಉಳಿದ ಊರುಗಳ ಜೊತೆಗೆ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಕಡು ಬೇಸಿಗೆಯಲ್ಲಿ ನೀರಿಳಿದಾಗ ಅದು ಮೈ ತೋರಿಸುತ್ತದೆ, ಜನ ನೋಡಲು ಹೋಗುತ್ತಾರೆ. "ಮುಳುಗಿಸ್ಲಿಕ್ಕೆ ಬಂದದ್ದೂ ಮುಳುಗ್ತು" ಅಂತ ಅಜ್ಜ ಹೇಳುವಾಗ ಅವನ ಮುಖದಲ್ಲಿದ್ದದ್ದು ದುಃಖ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಆ ನೀರಲ್ಲಿ ತಯಾರಾದ ಕರೆಂಟು ಇಡೀ ರಾಜ್ಯಕ್ಕೆ ಹೋಯಿತು. ನಾನು ಅಆಇಈ ತಿದ್ದಿದ್ದು ಮಾತ್ರ ಚಿಮಣಿ ಬುಡ್ಡಿಯ ಕೆಳಗೆ. ಈ ವಿಷಯದಲ್ಲಿ ತಮಾಷೆ ಮಾಡಲು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಲಿಂಗನಮಕ್ಕಿ ತುಂಬುವುದು 1819 ಅಡಿಗೆ. ನಮ್ಮ ಕಡೆ ಮಗ್ಗಿ ಬರದ ಮಗುವಿಗೂ ಈ ಸಂಖ್ಯೆ ಬರುತ್ತದೆ. ಬೆಳಿಗ್ಗೆ ಪೇಪರ್ ಬಂದರೆ (ನಮ್ಮಲ್ಲಿ ಬೆಳಿಗ್ಗೆ ಅಂದರೆ ಹನ್ನೊಂದೂವರೆ) ಮೊದಲು ನೋಡುವುದು ಅಡಿಕೆ ಧಾರಣೆ, ಆಮೇಲೆ ನೀರಿನ ಮಟ್ಟ. ಚಿಕ್ಕಪ್ಪನನ್ನು ಡಾಕ್ಟರು "ಬಿಪಿ ಎಷ್ಟಿತ್ತು?" ಅಂತ ಕೇಳಿದಾಗ ಅವರಿಗೆ ನೆನಪಾಗಲಿಲ್ಲ. "ಡ್ಯಾಮ್ ಎಷ್ಟಿದೆ?" ಅಂದಿದ್ದರೆ ದಶಮಾಂಶ ಸಮೇತ ಹೇಳುತ್ತಿದ್ದರು.

ಇನ್ನು ಲಾಂಚು. ದೋಣಿ ಅಂದರೆ ಅದಕ್ಕೆ ಅವಮಾನ, ಹಡಗು ಅಂದರೆ ನಮಗೆ ಜಂಬ. ದೊಡ್ಡ ಕಬ್ಬಿಣದ ಹರಿವಾಣದ ಹಾಗಿನ ಒಂದು ನೆಲ, ಸುತ್ತ ಕಂಬಿ. ಹೊಳೆಬಾಗಿಲಿನಲ್ಲಿ, ಅಂದರೆ ಅಂಬಾರಗೋಡ್ಲು ದಡದಲ್ಲಿ, ಅದರ ಮೇಲೆ ಬಸ್ಸು, ಜೀಪು, ಬೈಕು, ಗ್ಯಾಸ್ ಸಿಲಿಂಡರು, ಹಿಂಡಿ ಮೂಟೆ, ಮದುಮಗಳು ಎಲ್ಲ ಹತ್ತಬೇಕಿತ್ತು. ಇಪ್ಪತ್ತು ನಿಮಿಷ ತೇಲಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ವಾಹನ ಹತ್ತಿಸುವುದೇ ಒಂದು ಯಕ್ಷಗಾನ. ಒಬ್ಬ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ, ಬರ್ಲಿ..." ಅನ್ನುತ್ತಿದ್ದ. ಕೊನೆಗೆ "ಸಾಕ್!" ಅಂದಾಗ ಚಕ್ರಕ್ಕೂ ನೀರಿಗೂ ನಡುವೆ ಒಂದು ಗೇಣು ಉಳಿದಿರುತ್ತಿತ್ತು. ಕಾರುಗಳ ಮಧ್ಯೆ ಆ ಗೇಣೂ ಇರುತ್ತಿರಲಿಲ್ಲ. ಒಮ್ಮೆ ನನ್ನ ಆಫೀಸಿನ ಗೆಳೆಯನೊಬ್ಬನನ್ನು "ಹಿನ್ನೀರಿನ ಸೌಂದರ್ಯ ನೋಡು ಬಾ" ಅಂತ ಕರಕೊಂಡು ಬಂದಿದ್ದೆ. ಅವನ ಕಾರಿನ ಎಡಕ್ಕೊಂದು ಟೆಂಪೊ, ಬಲಕ್ಕೊಂದು ಬಸ್ಸು. ಬಾಗಿಲು ತೆರೆಯಲಾಗದೆ ಅವನು ಶರಾವತಿಯನ್ನು ದಾಟಿದ್ದು ಬಸ್ಸಿನ ಮೈಮೇಲೆ ಅಂಟಿಸಿದ್ದ ಬನಿಯನ್ ಜಾಹೀರಾತು ನೋಡುತ್ತ.

ಲಾಂಚ್ ತಪ್ಪಿದ ಕತೆ ಹೇಳದೆ ಹೋದರೆ ನಾನು ಆ ಊರಿನವನೇ ಅಲ್ಲ.

ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ನನ್ನನ್ನು ಸಾಗರಕ್ಕೆ ಕಳಿಸಿದರು. ಎರಡು ಡಬ್ಬ ಜಿಲೇಬಿ, ಹೂವು, ಒಂದು ಕಟ್ಟು ವೀಳ್ಯದೆಲೆ. ಮೂರು ಗಂಟೆಗೆ ಎಲ್ಲ ಮುಗಿದಿತ್ತು. ಆಗ ಹೈಸ್ಕೂಲಿನ ಸಹಪಾಠಿ ಸಿಕ್ಕಿದ. ಒಂದು ಮಸಾಲೆ ದೋಸೆ, ಒಂದು ಕಾಫಿ, ಸತ್ತ ಮೇಷ್ಟರ ಬಗ್ಗೆ ಅರ್ಧ ಗಂಟೆ, ಬದುಕಿರುವ ಮೇಷ್ಟರ ಬಗ್ಗೆ ಒಂದು ಗಂಟೆ. ಹೊಳೆಬಾಗಿಲು ಮುಟ್ಟಿದಾಗ ಕೊನೆಯ ಲಾಂಚು ದಡ ಬಿಟ್ಟು ಮೂವತ್ತು ಮಾರು ಹೋಗಿತ್ತು. ನಾನು ಎರಡೂ ಕೈ ಎತ್ತಿ, ಹೂವಿನ ಪೊಟ್ಟಣ ಬೀಸಿ, "ನಿಲ್ಸಿ ನಿಲ್ಸಿ" ಅಂತ ಕುಣಿದೆ. ಲಾಂಚಿನ ತುಂಬ ಪ್ರವಾಸಿಗರು. ಈ ಊರಿನ ಜನ ಎಷ್ಟು ಒಳ್ಳೆಯವರು, ಹೂ ಹಿಡಿದು ಬೀಳ್ಕೊಡುತ್ತಾರೆ ಅಂದುಕೊಂಡರೋ ಏನೋ, ಅಷ್ಟೂ ಜನ ಕಂಬಿಗೆ ಬಂದು ನಿಂತು ನನಗೆ ಟಾಟಾ ಮಾಡಿದರು. ಒಬ್ಬಳು ವಿಡಿಯೊ ಕೂಡ ಮಾಡಿಕೊಂಡಳು.

ಆ ರಾತ್ರಿ ದಡದಲ್ಲಿ ನನ್ನ ಹಾಗೇ ಉಳಿದುಕೊಂಡ ಏಳೆಂಟು ಜನ ಇದ್ದರು. ಹಾವೇರಿ ಕಡೆಯ ಒಂದು ಕುಟುಂಬ, ಒಬ್ಬ ಪಂಪ್‌ಸೆಟ್ ರಿಪೇರಿಯವನು. ಒಂಬತ್ತರ ಹೊತ್ತಿಗೆ ಹಾವೇರಿಯ ಮಗು ಹಸಿವಿಗೆ ಅಳಲು ಶುರು ಮಾಡಿತು. ಒಂದು ಜಿಲೇಬಿ ಕೊಟ್ಟೆ. ಮಗುವಿಗೆ ಕೊಟ್ಟು ಅಜ್ಜಿಗೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲ. ಅಜ್ಜಿಗೆ ಕೊಟ್ಟ ಮೇಲೆ ಪಂಪ್‌ಸೆಟ್ಟಿನವನು ಸುಮ್ಮನೆ ಆಕಾಶ ನೋಡತೊಡಗಿದ. ಅದೂ ನೋಡಲಾಗಲಿಲ್ಲ. ಪ್ರತಿಯಾಗಿ ಅವರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು. ಜಿಲೇಬಿಗೆ ಶೇಂಗಾ ಚಟ್ನಿಪುಡಿ ನಂಚಿಕೊಂಡರೆ ಏನಾಗುತ್ತದೆ ಅಂತ ತಿಳಿದಿರುವ ಮಲೆನಾಡಿಗರು ಬಹುಶಃ ನಾನೊಬ್ಬನೇ. ಕೆಟ್ಟದಾಗಿಲ್ಲ.

ಬೆಳಿಗ್ಗೆ ಮೊದಲ ಲಾಂಚಿಗೆ ಮನೆ ಸೇರಿದೆ. ಒಂದೂವರೆ ಡಬ್ಬ ಖಾಲಿ. ಏನು ಬೈಗುಳ ಕಾದಿದೆಯೋ ಅಂತ ಅಂಗಳಕ್ಕೆ ಕಾಲಿಟ್ಟು, "ಲಾಂಚ್ ತಪ್ತು" ಅಂದೆ. ಅಷ್ಟೇ! "ಅಯ್ಯೋ ಪಾಪ, ಚಳಿಯಲ್ಲಿ ಕೂತಿದ್ನಡ" ಅಂತ ಅಮ್ಮ ಬಿಸಿ ಕಷಾಯ ಕೊಟ್ಟಳು. ಅತ್ತೆ ಕಂಬಳಿ ಹೊದೆಸಿದಳು. ಸಹಪಾಠಿಯ ಬಗ್ಗೆ, ದೋಸೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಜಿಲೇಬಿ ಏನಾಯಿತು ಅಂದಾಗಲೂ, "ರಾತ್ರಿ ಇರುವೆ..." ಅಂದರೆ ಸಾಕಾಯಿತು. ಗಂಡಿನ ಕಡೆಯವರಿಗೆ ತಲಾ ಅರ್ಧ ಬಡಿಸಿದರು. ಅವರು ನಮ್ಮನ್ನು ಮಿತವ್ಯಯದ ಮನೆತನ ಅಂದುಕೊಂಡು ತುಂಬ ಮೆಚ್ಚಿದರಂತೆ.

ಲಾಂಚ್ ಇಷ್ಟಕ್ಕೇ ಅಲ್ಲ, ನೆಂಟರನ್ನು ಎಬ್ಬಿಸಲಿಕ್ಕೂ ಬೇಕಿತ್ತು. ಮಾತು ಮುಗಿದು, ಎಲೆಅಡಿಕೆಯ ಕವಳ ಮುಗಿದು, ಊರಿನವರ ಮೇಲಿನ ದೂರೂ ಮುಗಿದು, ಇನ್ನೂ ಕೂತೇ ಇದ್ದಾರೆ ಅಂದಾಗ ಅಮ್ಮ ಒಳಗಿನಿಂದ, "ಕೊನೆ ಲಾಂಚ್ ಹೊತ್ತಾತು ಕಾಣ್ತು!" ಅನ್ನುತ್ತಿದ್ದಳು. ಎಂಥ ಗಟ್ಟಿ ನೆಂಟನಾದರೂ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಿದ್ದ. ಕೊನೆಯ ಲಾಂಚು ದಾಟಿತು ಅಂದ ಮೇಲೆ ಇವತ್ತಿಗೆ ಇನ್ನು ಯಾರೂ ಬರುವುದಿಲ್ಲ ಅಂತ ಅಮ್ಮ ಲೆಕ್ಕ ಹಾಕಿ ಅಕ್ಕಿ ತೊಳೆಯುತ್ತಿದ್ದಳು. ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ನೆಟ್‌ವರ್ಕಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2020ರ ಮಳೆಗಾಲದಲ್ಲಿ ಕೊರೊನಾಕ್ಕೆ ಹೆದರಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದೆ. ಸಿಗ್ನಲ್ ಸಿಗುತ್ತಿದ್ದದ್ದು ತೋಟದ ಮೇಲಿನ ಗುಡ್ಡದಲ್ಲಿ, ಒಂದು ಹಲಸಿನ ಮರದ ಕೆಳಗೆ, ಅದೂ ಮೂಡು ದಿಕ್ಕಿಗೆ ಮುಖ ಮಾಡಿದರೆ ಎರಡು ಕಡ್ಡಿ. ಆನ್‌ಲೈನ್ ಕ್ಲಾಸಿನ ಮಕ್ಕಳು, ವಿಮೆ ಏಜೆಂಟು, ಮುಂಬೈಯಲ್ಲಿರುವ ಮಗನ ಜೊತೆ ಮಾತಾಡಲು ಬಂದ ಪಕ್ಕದ ಮನೆ ದೊಡ್ಡಮ್ಮ, ಎಲ್ಲರೂ ಪೂರ್ವಾಭಿಮುಖವಾಗಿ ಕೊಡೆ ಹಿಡಿದು ಕೂತಿರುತ್ತಿದ್ದೆವು. ಹೊಸಬರು ನೋಡಿದರೆ ಯಾವುದೋ ವ್ರತ ಅನ್ನಬೇಕು.

ಗುಡ್ಡದಲ್ಲಿ ಇಂಬಳ, ಅಂದರೆ ಜಿಗಣೆ, ಕೇಳಬೇಕೇ? ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ತರಗೆಲೆಯ ತುದಿಯಲ್ಲಿ ಬಾಲ ಊರಿ ನೆಟ್ಟಗೆ ನಿಂತು, ದಾರದ ಎಳೆಯ ಹಾಗೆ ಅತ್ತ ಇತ್ತ ತೂಗುತ್ತ, ಯಾರಾದರೂ ಬಂದಾರೇ ಅಂತ ಹುಡುಕುತ್ತಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಟ್ಟು, ನಿಧಾನಕ್ಕೆ ಹೀರಿ, ದ್ರಾಕ್ಷಿಯಷ್ಟು ಊದಿ, ತಾನೇ ಉದುರುತ್ತದೆ. ಆಮೇಲೂ ಗಾಯ ಸೋರುತ್ತಲೇ ಇರುತ್ತದೆ. ನಾವು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡೇ ಹೊರಡುತ್ತೇವೆ. ಅವತ್ತು ಮೀಟಿಂಗಿನ ಗಡಿಬಿಡಿಯಲ್ಲಿ ಮರೆತಿದ್ದೆ.

ಮ್ಯಾನೇಜರ್ ಕೇಳುತ್ತಿದ್ದರು, "ಶುಕ್ರವಾರಕ್ಕೆ ಮುಗಿಸಿಕೊಡ್ತೀರಲ್ಲ?" ಅದೇ ಹೊತ್ತಿಗೆ ಕಾಲಿನ ಬೆರಳ ಸಂದಿಯಲ್ಲಿ ಒಂದು, ಪ್ಯಾಂಟಿನ ಒಳಗೆ ಮೇಲ್ಮುಖವಾಗಿ ಹೊರಟಿದ್ದು ಇನ್ನೊಂದು ಕಂಡಿತು. "ಬಿಡು! ಬಿಡೋ ಅಂದ್ರೆ! ರಕ್ತ ಹೀರ್ತೀಯಲ್ಲೋ!" ಅಂತ ಕಿರುಚಿಕೊಂಡೆ. ಮೈಕು ಆನ್ ಇತ್ತು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾನೇಜರ್ ಬಹಳ ಮೆತ್ತಗೆ, "ಮುಂದಿನ ಬುಧವಾರ ಆದರೂ ಪರವಾಗಿಲ್ಲ" ಅಂದರು. ಆ ವರ್ಷ ನನಗೆ ಒಳ್ಳೆಯ ಇನ್‌ಕ್ರಿಮೆಂಟೂ ಆಯಿತು. ಅದರಲ್ಲಿ ಇಂಬಳದ ಪಾಲೆಷ್ಟು ಅಂತ ಲೆಕ್ಕ ಹಾಕಲು ಹೋಗಿಲ್ಲ.

ಸೇತುವೆಯ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್, ಮಧ್ಯದಲ್ಲಿ ಕಂಬಗಳಿಂದ ಇಳಿಬಿಟ್ಟ ಕೇಬಲ್ಲುಗಳು. ಇಪ್ಪತ್ತು ನಿಮಿಷ ತೇಲುತ್ತಿದ್ದ ಜಾಗವನ್ನು ನಾಲ್ಕು ನಿಮಿಷದಲ್ಲಿ ದಾಟುತ್ತೇವೆ. ರಾತ್ರಿ ಹೊತ್ತಿನಲ್ಲಿ ಹಾವು ಕಚ್ಚಿದವರನ್ನು, ಹೆರಿಗೆ ನೋವಿನವರನ್ನು ಈ ದಡದಲ್ಲಿ ಕೂರಿಸಿಕೊಂಡು ಬೆಳಗಾಗಲಿ ಅಂತ ಕಾದ ಮನೆಗಳು ನಮ್ಮ ಹೋಬಳಿಯಲ್ಲಿವೆ. ಅವರ ಮುಂದೆ ನನ್ನ ನೆಪದ ದುಃಖ ಹೇಳಿಕೊಂಡರೆ ಕತ್ತಿಯಲ್ಲೇ ಮಾತಾಡಿಸುತ್ತಾರೆ. ಸೇತುವೆ ಬೇಕಿತ್ತು. ಅಜ್ಜ ಇದ್ದಿದ್ದರೆ ಒಂದು ಸಲ ನಡೆದೇ ದಾಟುತ್ತಿದ್ದ. ನಾನು ದಾಟಿದೆ. ನಡುವೆ ನಿಂತು ಕೆಳಗೆ ನೋಡಿದರೆ ಮಳೆಗಾಲದ ಕೆಂಪು ನೀರು. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಸೆಲ್ಫಿಗೆ ನಾನು ಅಡ್ಡ ನಿಂತಿದ್ದೆನಂತೆ.

ಚಿಕ್ಕಪ್ಪ ಈಗ ಹೊಸ ನೆಪದ ಪ್ರಯೋಗದಲ್ಲಿದ್ದಾರೆ. "ಸೇತುವೆ ಮೇಲೆ ಸೆಲ್ಫಿಯವರ ಜಾಮು" ಅಂತ ಎರಡು ಮದುವೆಗೆ ಹೇಳಿ ನೋಡಿದರು. ಮೂರನೆಯದಕ್ಕೆ, ಮದುಮಗನ ತಂದೆ ಕಾರನ್ನೇ ಕಳಿಸಿಬಿಟ್ಟ.

ಹೋದ ಶನಿವಾರ ರಾತ್ರಿ ಎಂಟೂವರೆಗೆ ನಮ್ಮ ಅಂಗಳಕ್ಕೆ ಎರಡು ಕಾರು ಬಂದು ನಿಂತವು. ಒಂಬತ್ತು ಜನ. ಆ ಗೃಹಪ್ರವೇಶದ ಸಂಬಂಧಿಕರೇ. "ನೀವಂತೂ ಬರಲಿಲ್ಲ, ಸೇತುವೆ ಆಯ್ತಲ್ಲ, ನಾವೇ ಬಂದ್ವಿ" ಅಂದರು. ಅಮ್ಮ ತೊಳೆದಿಟ್ಟಿದ್ದು ನಾಲ್ಕು ಜನರ ಅಕ್ಕಿ. ಮತ್ತೆ ತೊಳೆದಳು, ಅಪ್ಪೆಮಿಡಿಯ ಜಾಡಿ ಕೆಳಗಿಳಿಯಿತು, ದಿಢೀರನೆ ಒಂದು ತಂಬುಳಿ ಆಯಿತು. ಊಟ ಆಯಿತು, ಕವಳ ಆಯಿತು, ಗೃಹಪ್ರವೇಶದ ಅಷ್ಟೂ ಫೋಟೋ ತೋರಿಸಿಯಾಯಿತು. ಹನ್ನೊಂದು ಗಂಟೆ. ಯಾರೂ ಏಳುವ ಲಕ್ಷಣವಿಲ್ಲ. ನಾನು ಆಕಳಿಸಿದೆ. ಅಪ್ಪಯ್ಯ ಗೋಡೆಗೊರಗಿ ಕಣ್ಣು ಮುಚ್ಚಿದ್ದರು.

ಆಗ ಒಳಗಿನಿಂದ ಪಾತ್ರೆಯ ಸದ್ದಿನ ನಡುವೆ, ಹಳೇ ರೂಢಿಯ ಮೇಲೆ, ಅಮ್ಮನ ದನಿ ಬಂತು: "ಕೊನೆ ಲಾಂಚ್ ಹೊತ್ತಾತು ಕಾಣ್ತು!"

ಒಂಬತ್ತು ಜನರೂ ಗೊಳ್ಳೆಂದು ನಕ್ಕರು. ಅವರಲ್ಲಿ ಹಿರಿಯರು ಗೋಡೆಗೆ ಆನಿಕೊಂಡು ಕಾಲು ನೀಡಿ, "ಹಾಗಾದ್ರೆ ಇವತ್ತು ಲಾಂಚ್ ತಪ್ಪಿತು ಅನ್ನಿ. ಒಂದೊಂದು ಚಾಪೆ ಹಾಕಿಬಿಡಿ" ಅಂದರು.