'ಓನರ್ ಔಟ್' ಅನ್ನೋ ಮುಂಚೆ ಲೆಕ್ಕಪತ್ರ ಒಂದ್ಸಲ ತೆಗೀರಪ್ಪ

ನಿನ್ನೆ ರಾತ್ರಿ ಚರ್ಚ್ ಸ್ಟ್ರೀಟಿನ ಒಂದು ಪಬ್ಬಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚು. ಪಕ್ಕದ ಟೇಬಲ್ಲಲ್ಲಿ ಆರು ಹುಡುಗರು, ಇಬ್ಬರ ಕೊರಳಲ್ಲಿ ಹಸಿರು-ಬಂಗಾರದ ಸ್ಕಾರ್ಫು. ಗೋಲು ಬಿಟ್ಟ ತಕ್ಷಣ 'ಗ್ಲೇಜರ್ಸ್ ಔಟ್' ಅಂತ ಕೂಗು. ಗ್ಲೇಜರ್ ಅಂದ್ರೆ ಕ್ಲಬ್ಬಿನ ಅಮೆರಿಕನ್ ಮಾಲೀಕ ಕುಟುಂಬ. ಅದರ ಬೆನ್ನಿಗೇ ಅಚ್ಚ ಕನ್ನಡದಲ್ಲಿ, 'ಈ ಫಾರಿನ್ ಓನರ್‌ಗಳು ಕ್ಲಬ್ ಎಕ್ಕುಟ್ಟಿಸಿಬಿಟ್ರು ಮಗಾ.' ಮ್ಯಾಚ್ ಮುಗಿದು ಬಿಲ್ ಬಂತು. ಅದೇ ಹುಡುಗರು ಸರ್ವಿಸ್ ಚಾರ್ಜ್ ತೆಗೆಸಿದ್ರು, ಯಾರು ಎಷ್ಟು ಗ್ಲಾಸ್ ಕುಡಿದ್ರು ಅಂತ ಪೈಸೆ ಪೈಸೆ ಲೆಕ್ಕ ಹಾಕಿ ಫೋನಲ್ಲೇ ಹಂಚಿಕೊಂಡ್ರು. ಇಷ್ಟು ಚೊಕ್ಕವಾಗಿ ಲೆಕ್ಕ ಬರೋರು ತಮ್ಮ ಕ್ಲಬ್ಬಿನ ವಾರ್ಷಿಕ ಲೆಕ್ಕಪತ್ರದ ಒಂದು ಪುಟವನ್ನೂ ತಿರುವಿ ನೋಡಿರಲ್ಲ, ಬೇಕಾದ್ರೆ ಬಾಜಿ ಕಟ್ತೀನಿ.

ನನಗೆ ಮೈ ಉರಿದದ್ದು 'ಔಟ್' ಅಂದಿದ್ದಕ್ಕಲ್ಲ, 'ಫಾರಿನ್' ಅಂದಿದ್ದಕ್ಕೆ. ಹೊಟ್ಟೆಪಾಡಿಗೆ ಬ್ಯಾಲೆನ್ಸ್ ಶೀಟ್ ಓದೋನು ಅಂತ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಗ್ಲೇಜರ್ ಕುಟುಂಬ ಮಾಡಿದ್ದೇನು ಅಂತ ಮೊದಲು ಬಿಡಿಸಿ ನೋಡೋಣ. ಜಯನಗರದಲ್ಲೊಂದು ದರ್ಶಿನಿ ಇದೆ ಅಂದ್ಕೊಳ್ಳಿ. ಒಳ್ಳೇ ವ್ಯಾಪಾರ, ನಯಾಪೈಸೆ ಸಾಲ ಇಲ್ಲ. ಯಾರೋ ಬಂದು ಅದನ್ನ ಕೊಳ್ತಾರೆ. ಬೆಲೆಯಲ್ಲಿ ಮೂರನೇ ಎರಡು ಪಾಲು ಸಾಲ ಎತ್ತಿದ ದುಡ್ಡು. ಮಜಾ ಏನಂದ್ರೆ, ಆ ಸಾಲದ ದೊಡ್ಡ ಪಾಲು ಬಂದು ಕೂರೋದು ದರ್ಶಿನಿ ತಲೆ ಮೇಲೆ. ಅಡುಗೆಮನೆ, ಗಲ್ಲಾಪೆಟ್ಟಿಗೆ, ಬೋರ್ಡು ಎಲ್ಲ ಅಡವು. ಇನ್ಮೇಲೆ ಬೆಳಗಿನ ಇಡ್ಲಿ ವ್ಯಾಪಾರದಲ್ಲಿ ಬಡ್ಡಿ ಕಟ್ಟಬೇಕು. ಕಾವಲಿ ಸವೆದ್ರೂ ಬದಲಾಯಿಸೋಕೆ ದುಡ್ಡಿಲ್ಲ, ಸೂರು ಸೋರಿದ್ರೆ ಕೆಳಗೆ ಬಕೆಟ್ ಇಡ್ತಾರೆ. ಕಾಫಿಗೆ ಮಾತ್ರ ಐದು ರೂಪಾಯಿ ಜಾಸ್ತಿ. ಅಂದ್ರೆ ಮಾಲೀಕ ಹೋಟೆಲ್ ಕೊಂಡ ಸಾಲವನ್ನ ನಿಂತು ತಿನ್ನೋ ಗಿರಾಕಿ ತೀರಿಸ್ತಾನೆ.

2005ರಲ್ಲಿ ನಡೆದದ್ದು ಇದೇ. ಬೆಲೆ ಸುಮಾರು 790 ಮಿಲಿಯನ್ ಪೌಂಡ್, ಅದರಲ್ಲಿ 500 ಮಿಲಿಯನ್‌ಗೂ ಮೀರಿ ಸಾಲ. ಒಂದು ಭಾಗ ಕ್ಲಬ್ಬಿನ ಆಸ್ತಿ ಮೇಲಿನ ಸಾಲ. ಇನ್ನೊಂದು ಭಾಗ ಹೆಡ್ಜ್ ಫಂಡ್ ಅನ್ನೋ ಖಾಸಗಿ ಹೂಡಿಕೆ ನಿಧಿಗಳ ಹತ್ರ ತಂದದ್ದು, ಪಿಐಕೆ ಅಂತಾರೆ. ಅದರ ಬಡ್ಡಿಯನ್ನ ನಗದಾಗಿ ಕಟ್ಟಬೇಕಾಗಿಲ್ಲ, ವರ್ಷ ವರ್ಷ ಅಸಲಿಗೇ ಸೇರ್ತಾ ಹೋಗುತ್ತೆ. 2006ರ ಹೊತ್ತಿಗೆ ದರ 14.25%. ಆ ದರದಲ್ಲಿ ಐದು ವರ್ಷಕ್ಕೆ ಸಾಲ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. 2010ರಲ್ಲಿ ಅದು 16.25%ಕ್ಕೂ ಏರ್ತು. ಕೆ.ಆರ್. ಮಾರ್ಕೆಟ್ಟಲ್ಲಿ ಇದಕ್ಕೆ ಮೀಟರ್ ಬಡ್ಡಿ ಅಂತಾರೆ, ಲಂಡನ್ನಲ್ಲಿ ಕೋಟು ಹಾಕ್ಕೊಂಡು ಬೇರೆ ಹೆಸರಲ್ಲಿ ಕರೀತಾರೆ.

ಅದೇ ವರ್ಷ ಸುಮಾರು 500 ಮಿಲಿಯನ್ ಪೌಂಡ್ ಬಾಂಡ್ ಬಿಟ್ಟು ಬ್ಯಾಂಕ್ ಸಾಲ ತೀರಿಸಿದ್ರು. ಬಾಂಡಿನ ಬಡ್ಡಿಯೂ 8%ಕ್ಕಿಂತ ಮೇಲೆ. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದ್ರು, ಷೇರಿಗೆ 14 ಡಾಲರ್. ಎತ್ತಿದ ದುಡ್ಡಲ್ಲಿ ಸುಮಾರು ಅರ್ಧ ಸಾಲಕ್ಕೆ, ಇನ್ನರ್ಧ ಕುಟುಂಬದ ಜೇಬಿಗೆ. ಜನಕ್ಕೆ ಮಾರಿದ್ದು ಎ ದರ್ಜೆ ಷೇರು, ಒಂದಕ್ಕೆ ಒಂದು ಓಟು. ತಮ್ಮ ಹತ್ರ ಇಟ್ಟುಕೊಂಡದ್ದು ಬಿ ದರ್ಜೆ, ಒಂದಕ್ಕೆ ಹತ್ತು ಓಟು. ಆಮೇಲೆ 2022ರವರೆಗೂ ಡಿವಿಡೆಂಡ್, ಹೆಚ್ಚಿನ ವರ್ಷ 20 ಮಿಲಿಯನ್ ಪೌಂಡ್ ಆಸುಪಾಸು. ಇಷ್ಟೆಲ್ಲ ಆಗಿ 2024ರ ಲೆಕ್ಕದಲ್ಲೂ ದೀರ್ಘಾವಧಿ ಸಾಲ 650 ಮಿಲಿಯನ್ ಡಾಲರ್ ಹಾಗೇ ಕೂತಿದೆ. ಅದೇ ವರ್ಷ ಮೇ ತಿಂಗಳಲ್ಲಿ ಆರ್ಸೆನಲ್ ಮ್ಯಾಚಿನ ದಿನ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್ ಸೂರಿಂದ ನೀರು ಸುರಿದದ್ದನ್ನ ಎಲ್ಲರೂ ಫಾರ್ವರ್ಡ್ ಮಾಡಿದ್ರಿ. ನಕ್ಕು ಬಿಟ್ರಿ. ಆ ನೀರಿಗೂ ಈ 650ಕ್ಕೂ ನಂಟಿದೆ ಸ್ವಾಮಿ.

ಈಗ ಹೇಳಿ, ಇದರಲ್ಲಿ 'ಫಾರಿನ್' ಎಲ್ಲಿ ಬಂತು? ಇದೇ ಕೆಲಸವನ್ನ ಮ್ಯಾಂಚೆಸ್ಟರ್‌ನಲ್ಲೇ ಹುಟ್ಟಿದವನು ಮಾಡಿದ್ರೆ ಬಡ್ಡಿ ಕಮ್ಮಿ ಆಗ್ತಿತ್ತಾ?

ಕಲ್ಪನೆ ಯಾಕೆ, ಕಣ್ಣೆದುರೇ ಇದೆ. ಇಂಗ್ಲೆಂಡಿನ ಕೆಮಿಕಲ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಹುಟ್ಟಿದ್ದು ಫೇಲ್ಸ್‌ವರ್ತ್‌ನಲ್ಲಿ, ಓಲ್ಡ್ ಟ್ರಾಫರ್ಡ್‌ನಿಂದ ಹತ್ತು ಕಿಲೋಮೀಟರ್ ಆಸುಪಾಸು. ಚಿಕ್ಕಂದಿನಿಂದ ಯುನೈಟೆಡ್ ಅಭಿಮಾನಿ. ಸದ್ಯದ ವಾಸ ಮೊನಾಕೊ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2024ರ ಫೆಬ್ರವರಿಯಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಪಾಲು ತಗೊಂಡ್ರು, ಷೇರಿಗೆ 33 ಡಾಲರ್ ಕೊಟ್ಟು. ಒಟ್ಟು ವ್ಯವಹಾರ ಸುಮಾರು 1.25 ಬಿಲಿಯನ್ ಪೌಂಡಿನದ್ದು. ಅದರಲ್ಲಿ ಕ್ಲಬ್ಬಿನ ಕಟ್ಟಡ-ಮೈದಾನಕ್ಕೆ ಅಂತ ನಿಗದಿಯಾದದ್ದು 300 ಮಿಲಿಯನ್ ಡಾಲರ್, ಮಿಕ್ಕದ್ದೆಲ್ಲ ಷೇರು ಮಾರಿದೋರಿಗೆ. 'ನಮ್ಮೂರ ಹುಡುಗ ಬಂದ' ಅಂತ ಇಲ್ಲಿ ಇಂದಿರಾನಗರದಲ್ಲಿ ಕೇಕ್ ಕತ್ತರಿಸದಿದ್ದರೆ ಸಾಕಿತ್ತು. ಬಂದವರು ಮಾಡಿದ್ದೇನು? ಮೊದಲು ಸುಮಾರು 250 ಜನರನ್ನ ಮನೆಗೆ ಕಳಿಸಿದ್ರು, ಆಮೇಲೆ ಇನ್ನೂ 200 ಹುದ್ದೆ ತನಕ ಕಡಿತ ಅಂತ ಪ್ರಕಟಿಸಿದ್ರು. ಸಿಬ್ಬಂದಿಯ ಉಚಿತ ಊಟ ನಿಂತಿತು. ಸೀಸನ್ ಅರ್ಧಕ್ಕೆ ಬಂದಾಗ ಮಿಕ್ಕ ಟಿಕೆಟ್‌ಗಳಿಗೆ 66 ಪೌಂಡ್, ಮಕ್ಕಳಿಗೂ ವಯಸ್ಸಾದೋರಿಗೂ ರಿಯಾಯ್ತಿ ಇಲ್ಲ. ಆ ಸೀಸನ್ ಮುಗಿಸಿದ್ದು 15ನೇ ಸ್ಥಾನದಲ್ಲಿ.

ಸ್ಥಳೀಯ ಅನ್ನೋದು ಒಂದು ಭಾವನೆ, ಲೆಕ್ಕಪತ್ರದಲ್ಲಿ ಅದಕ್ಕೆ ಕಾಲಮ್ ಇಲ್ಲ.

ಇನ್ನು ನಮ್ಮ ಕಡೆಗೇ ಕನ್ನಡಿ ತಿರುಗಿಸ್ತೀನಿ, ಬೇಜಾರಾಗಬೇಡಿ. ಇಂಗ್ಲೆಂಡಿನಲ್ಲಿ 'ಫಾರಿನ್ ಓನರ್ ತೊಲಗು' ಅಂತ ಇನ್ನೂ ಹೆಚ್ಚು ಗಂಟಲು ಹರಿದುಕೊಂಡ ಊರು ಬ್ಲ್ಯಾಕ್‌ಬರ್ನ್. ಅಲ್ಲಿನ ಫಾರಿನ್ ಓನರ್ ಯಾರು? ಪುಣೆಯ ಕೋಳಿ ವ್ಯಾಪಾರದ ವೆಂಕೀಸ್. ಊರಿನ ಉಕ್ಕಿನ ಸಾಹುಕಾರ ಜ್ಯಾಕ್ ವಾಕರ್ ದುಡ್ಡು ಸುರಿದು 1995ರಲ್ಲಿ ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಗೆಲ್ಲಿಸಿದ ಕ್ಲಬ್ಬನ್ನ ಇವರು 2010ರ ನವೆಂಬರ್‌ನಲ್ಲಿ ಸುಮಾರು 23 ಮಿಲಿಯನ್ ಪೌಂಡಿಗೆ ಕೊಂಡ್ರು. ಒಂದೇ ತಿಂಗಳಲ್ಲಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಹೊರಗೆ. 2012ರಲ್ಲಿ ಕೆಳ ದರ್ಜೆಗೆ. ಅದರ ಮುಂದಿನ ಸೀಸನ್ನಲ್ಲಿ ಮ್ಯಾನೇಜರ್ ಆಗಿ ಹೆನ್ನಿಂಗ್ ಬರ್ಗ್ 57 ದಿನ, ಮೈಕೆಲ್ ಆಪಲ್ಟನ್ 67 ದಿನ. ನಮ್ಮ ಹಳೇ ಬಿಬಿಎಂಪಿ ಕಮಿಷನರ್‌ಗಳು ಇದಕ್ಕಿಂತ ಜಾಸ್ತಿ ದಿನ ಕುರ್ಚಿ ಬಿಸಿ ಮಾಡಿದ್ದಾರೆ. 2017ಕ್ಕೆ ಮೂರನೇ ದರ್ಜೆ. ಅಭಿಮಾನಿಗಳು ಮೈದಾನಕ್ಕೆ ಜೀವಂತ ಕೋಳಿಯನ್ನೇ ಬಿಟ್ಟು ಪ್ರತಿಭಟಿಸಿದ್ರು, ಅದಕ್ಕೆ ಕ್ಲಬ್ಬಿನ ಬಾವುಟವನ್ನೂ ಹೊದಿಸಿ.

ಅದೇ ವೆಂಕೀಸ್ ಲೆಕ್ಕಪತ್ರ ತೆಗೆದು ನೋಡಿ. ಗ್ಲೇಜರ್ ಲೆಕ್ಕಕ್ಕೆ ಪೂರ್ತಿ ತಲೆಕೆಳಗು. ಕ್ಲಬ್ಬಿಂದ ದುಡ್ಡು ಆಚೆ ಹೋಗಿಲ್ಲ, ಪುಣೆಯಿಂದ ಒಳಗೆ ಬಂದಿದೆ, 200 ಮಿಲಿಯನ್ ಪೌಂಡಿಗೂ ಮೀರಿ. ಹೇಗೆ ನಡೆಸಬೇಕು ಅನ್ನೋದು ಗೊತ್ತಿರಲಿಲ್ಲ, ಗೊತ್ತಿದ್ದೋರ ಮಾತು ಕೇಳಲಿಲ್ಲ. ಅದು ಬೇರೆ ರೋಗ, ಮದ್ದೂ ಬೇರೆ. 'ಫಾರಿನ್' ಅಂತ ಒಂದೇ ಚೀಟಿ ಅಂಟಿಸಿದ್ರೆ ಎರಡಕ್ಕೂ ಒಂದೇ ಮಾತ್ರೆ ಕೊಟ್ಟಹಾಗೆ. ಗ್ಲೇಜರ್ ಕ್ಲಬ್ಬನ್ನ ಹಿಂಡಿದ್ರು, ವೆಂಕೀಸ್ ತುಂಬಿದ್ರು. ಹಿಂಡಿಸಿಕೊಂಡ ಕ್ಲಬ್ಬಿಗೆ ಕಪ್ ಬಂತು, ತುಂಬಿಸಿಕೊಂಡದ್ದು ಮುಳುಗ್ತು.

ಇಲ್ಲಿ ಒಬ್ಬರು ಎದ್ದು ನಿಲ್ತಾರೆ ಅಂತ ಗೊತ್ತು. 'ಸಾರ್, ಗ್ಲೇಜರ್ ಕಾಲದಲ್ಲೇ ಐದು ಲೀಗ್ ಗೆದ್ದಿಲ್ವಾ? 2008ರ ಚಾಂಪಿಯನ್ಸ್ ಲೀಗ್? ಆಟಗಾರರ ಮೇಲೆ ಬಿಲಿಯನ್‌ಗಟ್ಟಲೆ ಖರ್ಚು ಮಾಡಿಲ್ವಾ?' ಹೌದಪ್ಪ, ಎಲ್ಲ ನಿಜ. 2007, 08, 09, 11, 13. ಆ ಐದೂ ಮ್ಯಾನೇಜರ್ ಫರ್ಗುಸನ್ ಅನ್ನೋ ಒಬ್ಬ ಮನುಷ್ಯನ ಖಾತೆಯವು. ಅವರು 2013ರಲ್ಲಿ ಹೋದ ಮೇಲೆ ಲೀಗ್ ಎಷ್ಟು ಬಂತು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ಖರ್ಚು ಮಾಡಿದ ದುಡ್ಡೂ ಕ್ಲಬ್ಬೇ ದುಡಿದದ್ದು, ಮಾಲೀಕರ ಬೀರುವಿನದ್ದಲ್ಲ. ಅದನ್ನೂ ಕಂತಲ್ಲಿ ಕಟ್ತಿರೋದು.

ನೋಡೋದು ಕಷ್ಟ ಅಂತ ನೆಪ ಹೇಳಬೇಡಿ. ಇಂಗ್ಲೆಂಡಿನ ಕ್ಲಬ್ಬುಗಳ ಲೆಕ್ಕಪತ್ರ ಕಂಪನೀಸ್ ಹೌಸ್ ಅನ್ನೋ ಸರ್ಕಾರಿ ಕಂಪನಿ ನೋಂದಣಿ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಕ್ಲಬ್ ಹೆಸರು ಹಾಕಿ, ಫೈಲಿಂಗ್ ಹಿಸ್ಟರಿಗೆ ಹೋಗಿ, ಅಕೌಂಟ್ಸ್ ಅಂತ ಇರೋ ಪಿಡಿಎಫ್ ಇಳಿಸಿಕೊಳ್ಳಿ. ಯುನೈಟೆಡ್ ಅಮೆರಿಕದ ಷೇರುಪೇಟೆಯಲ್ಲಿ ಇರೋದ್ರಿಂದ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ಜಾಲತಾಣದಲ್ಲಿ 20-ಎಫ್ ಅನ್ನೋ ವಾರ್ಷಿಕ ವರದಿ ಹುಡುಕಬೇಕು. ಲಾಭ-ನಷ್ಟದ ಪುಟ ಬಿಟ್ಹಾಕಿ, ಅದು ಮೋಸ ಹೋಗೋ ಜಾಗ. ಸೀದಾ ಕ್ಯಾಶ್ ಫ್ಲೋ, ಅಂದ್ರೆ ನಗದು ಬಂದು-ಹೋದ ಪುಟಕ್ಕೆ ಬನ್ನಿ, ಮೂರೇ ಸಾಲು ನೋಡಿ. ಕಟ್ಟಿದ ಬಡ್ಡಿ, ಕೊಟ್ಟ ಡಿವಿಡೆಂಡ್, ಮಾಲೀಕರಿಂದ ಷೇರು ಬಂಡವಾಳವಾಗಿಯೋ ಸಾಲವಾಗಿಯೋ ಒಳಗೆ ಬಂದದ್ದು. ಹೋದದ್ದು ಹೆಚ್ಚೋ ಬಂದದ್ದು ಹೆಚ್ಚೋ, ಹತ್ತು ನಿಮಿಷದ ಕೆಲಸ. ಆಮೇಲೆ ಬೇಕಾದ್ರೆ ಟಿಪ್ಪಣಿಗಳಲ್ಲಿ ಟ್ರಾನ್ಸ್‌ಫರ್ ಬಾಕಿ, ಅಂದ್ರೆ ಆಟಗಾರರನ್ನ ಕೊಂಡು ಇನ್ನೂ ಕಟ್ಟದ ದುಡ್ಡು ಎಷ್ಟಿದೆ ನೋಡಿ, 'ಇಷ್ಟು ದುಡ್ಡು ಕೊಟ್ಟು ಕೊಂಡ್ವಿ' ಅನ್ನೋ ಜಂಬ ಅಲ್ಲೇ ಇಳಿಯುತ್ತೆ.

ಲಾಭ-ನಷ್ಟದ ಪುಟ ಯಾಕೆ ಮೋಸ ಅಂದ್ರೆ, ಅಲ್ಲಿ ಆಟಗಾರನ ಬೆಲೆ ಒಂದೇ ಸಲ ಕಾಣಲ್ಲ, ಕರಾರಿನ ವರ್ಷಗಳಿಗೆ ಹಂಚಿ ಹೋಗುತ್ತೆ. 80 ಮಿಲಿಯನ್ ಪೌಂಡ್ ಆಟಗಾರನಿಗೆ ಐದು ವರ್ಷದ ಕರಾರಾದ್ರೆ ವರ್ಷಕ್ಕೆ 16, ಎಂಟು ವರ್ಷವಾದ್ರೆ ಬರೀ 10. ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಹೊಸ ಅಮೆರಿಕನ್ ಮಾಲೀಕರು ಆಟಗಾರ ಮುಡ್ರಿಕ್‌ಗೆ ಎಂಟೂವರೆ ವರ್ಷ ಬರೆದುಕೊಟ್ಟದ್ದು ಪ್ರೀತಿ ಉಕ್ಕಿ ಅಲ್ಲ. ಯುರೋಪಿನ ಫುಟ್ಬಾಲ್ ಆಡಳಿತ ಸಂಸ್ಥೆ ಯುಯೆಫಾ ಆಮೇಲೆ ಐದೇ ವರ್ಷಕ್ಕೆ ಹಂಚಿ ಅಂತ ಮಿತಿ ಹಾಕ್ತು, ಪ್ರೀಮಿಯರ್ ಲೀಗೂ 2023ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡೀತು. ಚೆಲ್ಸಿಯೋರು ಅಷ್ಟರಲ್ಲೇ ಇನ್ನೊಂದು ಬಾಗಿಲೂ ಹುಡುಕಿಟ್ಟಿದ್ರು. ಮೈದಾನದ ಪಕ್ಕದ ಎರಡು ಹೋಟೆಲ್‌ಗಳನ್ನ 76.5 ಮಿಲಿಯನ್ ಪೌಂಡಿಗೆ ಮಾರಾಟ. ಯಾರಿಗೆ? ತಮ್ಮದೇ ಇನ್ನೊಂದು ಕಂಪನಿಗೆ. ಎಡಗೈಯಿಂದ ಬಲಗೈಗೆ. ಅದಕ್ಕೇ ಹೇಳೋದು, ಬರೀ ಕ್ಲಬ್ಬಿನ ಲೆಕ್ಕ ಓದಿ ಸುಮ್ಮನಾಗಬೇಡಿ, ಎಲ್ಲಕ್ಕೂ ಮೇಲೆ ಕೂತಿರೋ ಹೋಲ್ಡಿಂಗ್ ಕಂಪನಿಯದ್ದನ್ನೂ ಓದಿ.

ಚೆಲ್ಸಿ ಅಂದ ಕೂಡಲೇ ಒಂದು ಒಪ್ಪಿಕೊಳ್ಳಬೇಕು. ಅದರ ಹಳೇ ಮಾಲೀಕ, ರಷ್ಯಾದ ಸಾಹುಕಾರ ಅಬ್ರಮೊವಿಚ್ ವಿಷಯದಲ್ಲಿ ನನಗೂ ಮಾತು ಸಿಕ್ಕಿಹಾಕಿಕೊಳ್ಳುತ್ತೆ. 2003ರಲ್ಲಿ ಬಂದ, ಐದು ಲೀಗ್, ಎರಡು ಚಾಂಪಿಯನ್ಸ್ ಲೀಗ್, ಹೋಗುವಾಗ 1.5 ಬಿಲಿಯನ್ ಪೌಂಡ್ ಸಾಲ ಬಿಟ್ಟುಕೊಟ್ಟ. ದುಡ್ಡಿನ ದಿಕ್ಕು ನೋಡಿದ್ರೆ ನೂರಕ್ಕೆ ನೂರು. ಆ ದುಡ್ಡು ಎಲ್ಲಿಂದ ಬಂತು ಅನ್ನೋದು ಮಾತ್ರ ಯಾವ ಕ್ಯಾಶ್ ಫ್ಲೋ ಪುಟದಲ್ಲೂ ಬರಲ್ಲ. 2022ರ ಮಾರ್ಚ್‌ನಲ್ಲಿ ಬರ್ನ್ಲಿ ಮೈದಾನದಲ್ಲಿ ಉಕ್ರೇನಿಗಾಗಿ ಎಲ್ಲರೂ ಚಪ್ಪಾಳೆ ತಟ್ತಿದ್ದಾಗ ಚೆಲ್ಸಿ ಅಭಿಮಾನಿಗಳು ಅವನ ಹೆಸರು ಹಾಡಿದ್ರು. ಕೇಳಿ ನಾಚಿಕೆ ಆಯ್ತು. ಅವರ ಜಾಗದಲ್ಲಿ ನಾನಿದ್ದಿದ್ರೆ ಹಾಡ್ತಿರಲಿಲ್ಲ ಅಂತ ಎದೆ ತಟ್ಟಿ ಹೇಳೋ ಧೈರ್ಯವೂ ಇಲ್ಲ.

ಆದ್ರೆ ಅದೇ ಕ್ಲಬ್ಬಿನ ಅಭಿಮಾನಿಗಳ ಹತ್ರ ಒಂದು ಬ್ರಹ್ಮಾಸ್ತ್ರ ಇದೆ. ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನದ ನೆಲ, 'ಚೆಲ್ಸಿ ಫುಟ್ಬಾಲ್ ಕ್ಲಬ್' ಅನ್ನೋ ಹೆಸರಿನ ಹಕ್ಕು, ಎರಡೂ ಇರೋದು ಚೆಲ್ಸಿ ಪಿಚ್ ಓನರ್ಸ್ ಅನ್ನೋ ಅಭಿಮಾನಿಗಳ ಸಂಸ್ಥೆ ಕೈಲಿ. 2011ರಲ್ಲಿ ಅಬ್ರಮೊವಿಚ್ ಅದನ್ನ ವಾಪಸ್ ಕೊಳ್ಳೋಕೆ ಬಂದಾಗ 75% ಓಟು ಬೇಕಿತ್ತು, ಸಿಗಲಿಲ್ಲ. ಆಗ ಯುರೋಪಿನಲ್ಲೇ ಹೆಸರುವಾಸಿ ಸಾಹುಕಾರ, ಬರಿಗೈಲಿ ವಾಪಸ್ ಹೋದ. ವೇಲ್ಸಿನ ಕಾರ್ಡಿಫ್ ಕ್ಲಬ್ಬಿನ ಅಭಿಮಾನಿಗಳ ಹತ್ರ ಇಂಥದ್ದು ಇರಲಿಲ್ಲ. ಅದರ ಮಾಲೀಕ, ಮಲೇಷ್ಯಾದ ವಿನ್ಸೆಂಟ್ ಟ್ಯಾನ್ 2012ರಲ್ಲಿ ನೀಲಿ ಜೆರ್ಸಿಯನ್ನ ಕೆಂಪು ಮಾಡಿಬಿಟ್ಟ. ನೀಲಿ ವಾಪಸ್ ಬರೋಕೆ 2015ರ ಜನವರಿ ಆಯ್ತು. ಜರ್ಮನಿಯವರಂತೂ 50+1 ಅಂತ ನಿಯಮವನ್ನೇ ಇಟ್ಟಿದ್ದಾರೆ, ಓಟಿನ ಬಹುಮತ ಸದಸ್ಯರದ್ದೇ. ಕೆಲವು ವಿನಾಯ್ತಿ, ಒಂದೆರಡು ಕಳ್ಳದಾರಿ ಅಲ್ಲೂ ಇವೆ, ಇರಲಿ.

ಮತ್ತೆ ಆ 'ಫಾರಿನ್' ಶಬ್ದಕ್ಕೇ ಬರ್ತೀನಿ, ಬಿಡೋ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರರ ಮ್ಯಾಚು ಟಿವಿಯಲ್ಲಿ ನೇರಪ್ರಸಾರ ಇಲ್ಲ. ಟಿಕೆಟ್ ಸಿಗದ ಮ್ಯಾಂಚೆಸ್ಟರಿನವನು ಮನೇಲಿ ಕೂತು ನೋಡೋ ಹಾಗಿಲ್ಲ. ಅದೇ ಮ್ಯಾಚನ್ನ ಬೆಂಗಳೂರಲ್ಲಿ ಚಳಿಗಾಲದಲ್ಲಿ ಎಂಟೂವರೆಗೆ, ಪೀನಟ್ ಮಸಾಲ ಮೆಲ್ತಾ ನಾವು ನೋಡ್ತೀವಿ. 2022ರಿಂದ 25ರ ಅವಧಿಯಲ್ಲಿ ಪ್ರೀಮಿಯರ್ ಲೀಗಿಗೆ ಒಳನಾಡಿನ ಪ್ರಸಾರ ಹಕ್ಕಿಗಿಂತ ಹೊರದೇಶಗಳ ಹಕ್ಕಿನಿಂದಲೇ ಜಾಸ್ತಿ ದುಡ್ಡು ಬಂತು, ಇತಿಹಾಸದಲ್ಲಿ ಮೊದಲ ಸಲ. ಗ್ಲೇಜರ್ 2005ರಲ್ಲಿ ಅಷ್ಟು ಸಾಲ ಮಾಡೋ ಧೈರ್ಯ ಮಾಡಿದ್ದು ಯಾರನ್ನ ನಂಬಿ ಅಂದ್ಕೊಂಡ್ರಿ? ಓಲ್ಡ್ ಟ್ರಾಫರ್ಡ್ ಗ್ಯಾಲರಿಯ ಸ್ಟ್ರೆಟ್‌ಫರ್ಡ್ ಎಂಡಿನವರನ್ನಲ್ಲ. ಚರ್ಚ್ ಸ್ಟ್ರೀಟಿನವರನ್ನ.

ಕೊರಳಲ್ಲಿದ್ದ ಆ ಹಸಿರು-ಬಂಗಾರದ ಬಣ್ಣ ನ್ಯೂಟನ್ ಹೀತ್‌ನದ್ದು. 1878ರಲ್ಲಿ ರೈಲ್ವೆ ಕಾರ್ಮಿಕರು ಕಟ್ಟಿದ ತಂಡ, ಯುನೈಟೆಡ್‌ನ ಮೂಲ. 2010ರಲ್ಲಿ ಆ ಬಣ್ಣ ಮತ್ತೆ ಎದ್ದು ಬಂದಾಗ ಇದ್ದ ಮಾತು, ಕ್ಲಬ್ಬಿನ ಅಂಗಡಿಗೆ ದುಡ್ಡು ಹಾಕದೆ ಪ್ರತಿಭಟಿಸೋಣ ಅಂತ. ನಿನ್ನೆ ಆ ಇಬ್ಬರೂ ಸ್ಕಾರ್ಫನ್ನ ಹೊಸ ಸೀಸನ್ನಿನ ಅಧಿಕೃತ ಜೆರ್ಸಿ ಮೇಲೆ ಹೊದ್ದಿದ್ರು. ಒಬ್ಬನದಕ್ಕೆ ಬೆನ್ನ ಮೇಲೆ ಹೆಸರು, ನಂಬರೂ ಇತ್ತು. ಅದಕ್ಕೆ ಬೇರೆ ಚಾರ್ಜು.