ಉಳಿಯುವ ಲಿವರ್ ಲೆಕ್ಕವೂ ಬೇಕು

'ಲಿವರ್ ಮತ್ತೆ ಬೆಳೆಯುತ್ತದೆ, ಹಾಗಾಗಿ ಕ್ಯಾನ್ಸರ್ ಆಪರೇಷನ್‌ಗೆ ಹೆದರಬೇಡಿ' ಅಂತ ಲಿವರ್ ಕ್ಯಾನ್ಸರ್ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ನಿಜ. ಆರೋಗ್ಯವಾಗಿರುವ ಲಿವರ್ ಸುಮಾರು ಶೇ. 20-30 ಉಳಿದರೂ ನಡೆಯುತ್ತದೆ. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇದ್ದರೆ ಶೇ. 40 ಆದರೂ ಬೇಕು. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಬರುವುದು ಜಾಸ್ತಿ ಅಂಥ ಲಿವರಿಗೇ ಅಲ್ವಾ?

ಹಾಸನದ ನಮ್ಮ ಸೋದರಮಾವನಿಗೆ ಗೆಡ್ಡೆ ಇದ್ದದ್ದು ಬಲಭಾಗದಲ್ಲಿ. ಮೊದಲು ಆ ಕಡೆಗೆ ಹೋಗುವ ಪೋರ್ಟಲ್ ರಕ್ತನಾಳವನ್ನು (ಕರುಳಿನಿಂದ ಲಿವರಿಗೆ ರಕ್ತ ತರುವ ನಾಳ) ಒಳಗಿಂದ ಮುಚ್ಚಿದರು. ರಕ್ತ ಎಡಕ್ಕೆ ತಿರುಗಿ ಆ ಭಾಗ ದಪ್ಪವಾಗಲಿ ಅಂತ. ಕೆಲವು ವಾರ ಬಿಟ್ಟು ಸಿಟಿ ಸ್ಕ್ಯಾನ್‌ನಲ್ಲಿ ಅಳೆದು, ಆಮೇಲೆ ಕತ್ತರಿಸಿದರು. ಅಷ್ಟರಲ್ಲಿ ಸಕಲೇಶಪುರದ ನೆಂಟರದು 'ಸುಮ್ನೆ ಯಾಕೆ ತಡ' ಅಂತ ಫೋನ್ ಮೇಲೆ ಫೋನ್! ಈ ಕಾಯುವಿಕೆಯೂ ಚಿಕಿತ್ಸೆಯೇ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಸಿರೋಸಿಸ್ ಇರುವವರು ಗೆಡ್ಡೆ ಬೇಗ ಗೊತ್ತಾಗಲಿ ಅಂತ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು ಅನ್ನುವುದನ್ನೂ ಒಂದು ಸಾಲು ಸೇರಿಸಿ.